ಬಿಡ್ತು ಅಂದ ಶನಿವಾರ

ಹೋದ ವಾರ ಜೆ.ಪಿ. ನಗರದ ನಮ್ಮ ಮನೆಯ ಹತ್ತಿರದ ಲಾಂಡ್ರಿಯಲ್ಲಿ ಗಂಜಿಯ ವಾಸನೆ ಬಂತು. ಈಗ ಬಟ್ಟೆಗೆ ಗಂಜಿ ಹಾಕಿಸುವವರೇ ಕಡಿಮೆ, ಹಾಕಿಸಿದರೂ ಅದು ಬಾಟಲಿಯಲ್ಲಿ ಬರುವ ಸುವಾಸನೆಯ ನೀರು. ಅವತ್ತು ಅಂಗಡಿಯವನು ಯಾರದೋ ಮನೆಯ ಪಂಚೆಗಳಿಗೆ ನಿಜವಾದ ಗಂಜಿಯನ್ನೇ ಕಾಸಿ ಹಾಕಿದ್ದ. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ, ಸ್ವಲ್ಪ ಹುಳಿ, ಸ್ವಲ್ಪ ಸೀದ ಅನ್ನದಂಥ ಆ ವಾಸನೆ... ನನ್ನ ಅಂಗೈ ಬೆವರಿತು. ಮೂವತ್ತೈದು ವರ್ಷ ನರ್ಸ್ ಕೆಲಸ ಮಾಡಿ, ರಕ್ತ ಕೀವು ಎಲ್ಲ ನೋಡಿ ನಿವೃತ್ತಳಾದ ಹೆಂಗಸು ಗಂಜಿಯ ವಾಸನೆಗೆ ಹೆದರುತ್ತಾಳೆ ಅಂದರೆ ಯಾರೂ ನಂಬುವುದಿಲ್ಲ. ನನ್ನ ಗಂಡನೇ ನಂಬುವುದಿಲ್ಲ.

ಜೊತೆಯಲ್ಲಿ ಗೆಳತಿ ಇದ್ದಳು. ನರ್ಸಿಂಗ್ ಶಾಲೆಯಲ್ಲಿ ನಮ್ಮಿಬ್ಬರದು ಒಂದೇ ಬೆಂಚು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಈಗ ಎರಡು ರಸ್ತೆ ಆಚೆಗಿದ್ದಾಳೆ. ಲಿನನ್ ರೂಮಿನ ಅಕ್ಕ ಹೇಗಿದ್ದಾರೋ, ಏನಾದರೂ ಗೊತ್ತಾ ಎಂದು ಅವಳನ್ನು ಕೇಳಿದೆ. ಅವಳು ಕೊಟ್ಟ ಉತ್ತರಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಕ್ಕನ ವಿಷಯ ಹೇಳಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ ಟ್ರಸ್ಟಿನವರದೊಂದು ಆಸ್ಪತ್ರೆ ಇತ್ತು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಆಸ್ಪತ್ರೆಯ ಹಿಂಬದಿಗೆ ನರ್ಸಿಂಗ್ ಶಾಲೆ, ಅದಕ್ಕೆ ಅಂಟಿಕೊಂಡಂತೆ ಲಿನನ್ ರೂಮು. ವಾರ್ಡಿನ ಹಾಸಿಗೆ ಬಟ್ಟೆಗಳು, ನಮ್ಮ ಏಪ್ರನ್ನುಗಳು ಎಲ್ಲ ಅಲ್ಲೇ ಒಗೆದು, ಗಂಜಿ ಹಾಕಿ, ಇಸ್ತ್ರಿಯಾಗಿ ಬರುತ್ತಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವರು ಅಕ್ಕ. ಹೆಸರು ಹಿಡಿದು ಅವರನ್ನು ಕರೆದದ್ದನ್ನು ನಾನು ಕೇಳಿಲ್ಲ. ಮೇಟ್ರನ್ನಿನಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಅಕ್ಕ. ನಲವತ್ತರ ಆಸುಪಾಸು, ದಪ್ಪ ಮೈ, ಹಣೆ ತುಂಬ ಕುಂಕುಮ. ಹತ್ತಿರ ಬಂದರೆ ಸೆರಗಿನಿಂದ ಗಂಜಿಯ ವಾಸನೆ ಹೊಡೆಯುತ್ತಿತ್ತು.

ಅವರ ಯಜಮಾನರು ಸಿಟಿ ಬಸ್ಸಿನ ಕಂಡಕ್ಟರು. ಸಂಜೆ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಒಳಗೆ ಬಂದು ಕರೆಯಲು ಸಂಕೋಚ. ಹಾಗಾಗಿ ಜೇಬಿನಿಂದ ಸೀಟಿ ತೆಗೆದು ಒಂದೇ ಒಂದು ಸಲ ಊದುತ್ತಿದ್ದರು. ಅಕ್ಕ ಮುಖ ಕೆಂಪಗೆ ಮಾಡಿಕೊಂಡು, ಬೀಗ ಹಾಕಿಕೊಂಡು ಓಡುತ್ತಿದ್ದರು. ನಾವು ಹುಡುಗಿಯರು ಹಾಸ್ಟೆಲಿನ ಕಿಟಕಿಯಿಂದ ರೈಟ್ ರೈಟ್ ಎಂದು ಕೂಗಿ ರೇಗಿಸುತ್ತಿದ್ದೆವು.

ಈ ಅಕ್ಕ ನಮ್ಮ ಪಾಠಕ್ಕೆ ಬಂದದ್ದು ಟ್ಯೂಟರ್ ಸಿಸ್ಟರ್ ಕಾರಣದಿಂದ. ಟ್ಯೂಟರ್ ಸಿಸ್ಟರ್ ಅಂದರೆ ನಮಗೆ ಪಾಠ ಮಾಡುತ್ತಿದ್ದವರು. ಸಣಕಲು ಹೆಂಗಸು, ಕನ್ನಡಕ, ಕಡಿಮೆ ಮಾತು. ಒಮ್ಮೆ ಅವರೇ ಯಾವುದೋ ವಾರ್ಡಿನಲ್ಲಿ ಒಬ್ಬ ತಂದೆಗೆ ಮಗಳು ತೀರಿಹೋದ ಸುದ್ದಿಯನ್ನು ಬಾಗಿಲಲ್ಲಿ ನಿಂತೇ ಹೇಳಿದ್ದರಂತೆ. ಆತ ಅಲ್ಲೇ ಕುಸಿದು, ಟ್ರಾಲಿಗೆ ತಲೆ ಹೊಡೆದುಕೊಂಡು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತಂತೆ. ಅವತ್ತಿನಿಂದ ಟ್ಯೂಟರ್ ಸಿಸ್ಟರ್ ಶನಿವಾರ ಮಧ್ಯಾಹ್ನ ಹೊಸದೊಂದು ಪಾಠ ಶುರು ಮಾಡಿದರು. ಕೆಟ್ಟ ಸುದ್ದಿ ಹೇಳುವ ಪಾಠ. ನಮ್ಮ ಪುಸ್ತಕದಲ್ಲಿ ಅದು ಇರಲಿಲ್ಲ, ಪರೀಕ್ಷೆಯಲ್ಲೂ ಇರಲಿಲ್ಲ. ಸಾವಿನ ಸುದ್ದಿ ಹೇಳುವುದು ಡಾಕ್ಟರ ಕೆಲಸವಲ್ಲವೇ ಎಂದು ನನ್ನ ಗೆಳತಿ ಕೇಳಿದ್ದಳು.

"ಡಾಕ್ಟರು ಹೇಳ್ಬಿಟ್ಟು ಹೋಗ್ತಾರೆ. ಆಮೇಲೆ ಆ ತಾಯಿ ತಿರುಗಿ ನೋಡೋದು ನಿಮ್ಮನ್ನ," ಎಂದರು ಟ್ಯೂಟರ್ ಸಿಸ್ಟರ್.

ಪಾಠ ನಡೆಯುತ್ತಿದ್ದದ್ದು ಡೆಮಾನ್‌ಸ್ಟ್ರೇಶನ್ ರೂಮಿನಲ್ಲಿ. ಅಲ್ಲೊಂದು ಮಂಚ, ಅದರ ಮೇಲೆ ನಾವು ಸ್ನಾನ ಮಾಡಿಸಿ, ಪಟ್ಟಿ ಕಟ್ಟಿ ಕಲಿಯುತ್ತಿದ್ದ ದೊಡ್ಡ ಬೊಂಬೆ. ಗೋಡೆಯ ಪಕ್ಕ ಒಂದು ಬೆಂಚು, ಎದುರಿಗೆ ಕಬ್ಬಿಣದ ಸ್ಟೂಲು, ಕೈಗೆಟುಕುವ ಹಾಗೆ ಒಂದು ಚೊಂಬು ನೀರು. ಬೆಂಚಿನ ಮೇಲೆ ರೋಗಿಯ ಕಡೆಯವರು ಯಾರಾದರೂ ಇರಬೇಕಲ್ಲ? ಮೊದಲು ನಮ್ಮನ್ನೇ ಕೂರಿಸಿ ನೋಡಿದರು, ನಾವು ಕಿಸಕ್ಕನೆ ನಗುತ್ತಿದ್ದೆವು. ಅಕ್ಕನಿಗೆ ರೋಗಿಗಳ ನೆಂಟರನ್ನು ಅಣಕಿಸುವ ಚಾಳಿ ಇತ್ತು. ಬಟ್ಟೆ ಮಡಿಸುತ್ತ, ಯಾವ ಅಜ್ಜಿ ಹೇಗೆ ಅತ್ತಳು, ಯಾವ ಅಳಿಯ ಅತ್ತಂತೆ ಮಾಡಿದ ಎಂದು ಹಾಗೇ ಮಾಡಿ ತೋರಿಸುತ್ತಿದ್ದರು. ಅದನ್ನು ಟ್ಯೂಟರ್ ಸಿಸ್ಟರ್ ಬಾಗಿಲ ಮರೆಯಲ್ಲಿ ನಿಂತು ನೋಡಿದರಂತೆ. ಮುಂದಿನ ಶನಿವಾರದಿಂದ ಬೆಂಚಿನ ಮೇಲೆ ಅಕ್ಕ.

ಒಪ್ಪಿಕೊಳ್ಳುವಾಗ ಅಕ್ಕ ಷರತ್ತು ಹಾಕಿದರು. ತಾಯಿ ಆಗುತ್ತೇನೆ, ಅಕ್ಕ ತಂಗಿ ಆಗುತ್ತೇನೆ, ಮಗಳು ಸೊಸೆ ಏನು ಬೇಕಾದರೂ ಆಗುತ್ತೇನೆ, ಹೆಂಡತಿ ಮಾತ್ರ ಆಗುವುದಿಲ್ಲ. ಗಂಡ ಸತ್ತ ಅನ್ನುವ ಮಾತನ್ನು ತಮಾಷೆಗೂ ಕೇಳಿಸಿಕೊಳ್ಳುವುದಿಲ್ಲ. ಅದಲ್ಲದೆ, ಪ್ರತಿ ಪಾಠ ಮುಗಿದ ಮೇಲೆ ಸುದ್ದಿ ಹೇಳಿದ ಹುಡುಗಿ 'ಬಿಡ್ತು' ಅನ್ನಬೇಕು, ಆ ಅಶುಭದ ಮಾತು ಯಾರಿಗೂ ತಟ್ಟದ ಹಾಗೆ ವಾಪಸ್ ತೆಗೆದುಕೊಳ್ಳಬೇಕು. ಆಮೇಲೆ ಸಾವಿನ ಮನೆಯಿಂದ ಬಂದವರ ಹಾಗೆ ಎಲ್ಲರೂ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡೇ ಹೋಗಬೇಕು. ಟ್ಯೂಟರ್ ಸಿಸ್ಟರ್ ಇದಕ್ಕೆ ನಕ್ಕರು. ಆದರೆ ಅಕ್ಕ ನಗಲಿಲ್ಲ. ಕೊನೆಗೆ ಅದೇ ನಮ್ಮ ಪದ್ಧತಿಯಾಯಿತು.

ನನಗೆ ಆ ಪಾಠ ಅಂದರೆ ಜೀವಭಯ. ಬಿಳೇಕಹಳ್ಳಿ ಆಗ ಇನ್ನೂ ಹಳ್ಳಿಯೇ ಆಗಿತ್ತು. ಅಲ್ಲಿ ಬೆಳೆದ ನಾನು ಹಾವಿಗೂ ಹೆದರಿದವಳಲ್ಲ. ಆದರೆ ಆ ಬೆಂಚಿನ ಎದುರು ಹೋದರೆ ನಾಲಿಗೆ ಒಣಗುತ್ತಿತ್ತು. ನನ್ನ ಏಪ್ರನ್ ಕೊಡುವಾಗ 'ಊಟ ಮಾಡೇ, ಕಡ್ಡಿ ಆಗಿದೀಯ' ಎಂದು ರೇಗಿಸುವ ಅದೇ ಹೆಂಗಸು ಬೆಂಚಿನ ಮೇಲೆ ಕುಳಿತು ಸೆರಗು ಹೊದ್ದ ತಕ್ಷಣ ಬೇರೆ ಯಾರೋ ಆಗಿಬಿಡುತ್ತಿದ್ದರು. ಕಿರುಚಿ ಅತ್ತಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಒಂದೊಂದು ದಿನ ಅವರು ಅಳುತ್ತಲೇ ಇರಲಿಲ್ಲ. ನಮ್ಮ ಮುಖವನ್ನೇ ನೋಡುತ್ತ, ಮೆಲ್ಲಗೆ, "ಬೆಳಿಗ್ಗೆ ಎರಡು ಇಡ್ಲಿ ತಿಂದ್ನಲ್ಲಮ್ಮ?" ಎಂದು ಕೇಳುತ್ತಿದ್ದರು. ಅದಕ್ಕೆ ಏನು ಉತ್ತರ ಹೇಳುವುದು?

ಉತ್ತರ ಹೇಳಬೇಡಿ ಎನ್ನುತ್ತಿದ್ದರು ಟ್ಯೂಟರ್ ಸಿಸ್ಟರ್. ಕೈ ತೊಳೆದು ಹೋಗಿ, ಸ್ಟೂಲು ಎಳೆದುಕೊಂಡು ಕೂತ್ಕೊಳ್ಳಿ, ನಿಮ್ಮ ಮಂಡಿ ಅವರ ಮಂಡಿಯ ಎತ್ತರಕ್ಕೇ ಇರಲಿ. ಕೆಟ್ಟ ಸುದ್ದಿ ಅಂತ ಮೊದಲೇ ಹೇಳಿ, ಒಂದೇ ವಾಕ್ಯದಲ್ಲಿ ಮುಗಿಸಿ. ಆಮೇಲೆ ಬಾಯಿ ಮುಚ್ಚಿ, ಮನಸ್ಸಲ್ಲೇ ಇಪ್ಪತ್ತು ಎಣಿಸಿ. ಆ ಇಪ್ಪತ್ತು ಅವರದು, ನಿಮ್ಮದಲ್ಲ... ಅವರು ಇದನ್ನು ಎಷ್ಟು ಸಲ ಹೇಳಿದ್ದರೆಂದರೆ ಇವತ್ತಿಗೂ ಯಾರಾದರೂ ಸ್ಟೂಲು ಎಳೆದ ಸದ್ದಾದರೆ ನನ್ನೊಳಗೆ ಎಣಿಕೆ ಶುರುವಾಗುತ್ತದೆ.

ನನ್ನ ಮೊದಲ ಸರದಿಯಲ್ಲಿ ಬಾಗಿಲು ದಾಟಲಿಲ್ಲ. ಎರಡನೆಯದರಲ್ಲಿ ಹೇಳಬೇಕಾದ್ದನ್ನು ಗಡಗಡನೆ ಹೇಳಿ ಓಡಿಬಂದೆ. ಮೂರನೆಯ ಸಲ ಹಾಸ್ಟೆಲಿನ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕೂತೆ, ಗೆಳತಿ ನನ್ನ ಬದಲು ಹೋದಳು. ಟ್ಯೂಟರ್ ಸಿಸ್ಟರ್ ಬೈಯಲಿಲ್ಲ. ಮುಂದಿನ ಶನಿವಾರ ಮೊದಲ ಸರದಿ ನಿನ್ನದೇ, ತಪ್ಪಿಸಿಕೊಂಡರೆ ಅಪ್ಪನಿಗೆ ಕಾಗದ ಹೋಗುತ್ತೆ ಎಂದರು. ಆ ವಾರವೆಲ್ಲ ನನಗೆ ಅನ್ನ ಇಳಿಯಲಿಲ್ಲ. ಏಪ್ರನ್ ತರಲು ಹೋದಾಗ ಅಕ್ಕ ನನ್ನ ಗಲ್ಲ ಹಿಡಿದು, "ಹೆದರ್ಕೋಬೇಡ ಕಣೆ. ಎದುರಿಗೆ ಇರೋಳು ನಾನೇ ತಾನೆ," ಎಂದಿದ್ದರು.

ಆ ಶನಿವಾರ ನನಗೆ ಕ್ಯಾಜುವಾಲ್ಟಿಯಲ್ಲಿ ಡ್ಯೂಟಿ, ಅಂದರೆ ತುರ್ತು ರೋಗಿಗಳು ಬರುವ ಕಡೆ. ಎರಡು ಗಂಟೆಯ ಸುಮಾರಿಗೆ ಆಸ್ಪತ್ರೆಯ ಅಂಗಳಕ್ಕೆ ಒಂದು ಸಿಟಿ ಬಸ್ಸು ಬಂತು. ಗೇಟಿನ ಹೊರಗಲ್ಲ, ಒಳಗೇ ಬಂತು. ಕಿಟಕಿಗಳಲ್ಲಿ ಪ್ರಯಾಣಿಕರ ಮುಖಗಳು ಹಾಗೇ ಇದ್ದವು. ಡ್ರೈವರೂ ಇಬ್ಬರು ಗಂಡಸರೂ ಸೇರಿ ಖಾಕಿ ಬಟ್ಟೆಯವರೊಬ್ಬರನ್ನು ಹೊತ್ತು ತಂದರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಟಿಕೆಟ್ ಕೊಡುತ್ತಿದ್ದವರು ಹಾಗೇ ಕಂಬಿ ಹಿಡಿದುಕೊಂಡು ಕೂತುಬಿಟ್ಟರಂತೆ. ಮಂಚದ ಮೇಲೆ ಮಲಗಿಸಿದಾಗ ಜೇಬಿನಿಂದ ದಾರಕ್ಕೆ ಕಟ್ಟಿದ ಸೀಟಿ ಹೊರಗೆ ಜಾರಿ ನೇತಾಡಿತು. ಮುಖಕ್ಕಿಂತ ಮೊದಲು ನಾನು ಗುರುತು ಹಿಡಿದದ್ದು ಅದನ್ನು.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಒತ್ತಿದರು, ಸೂಜಿ ಹಾಕಿದರು, ಮತ್ತೆ ಕೇಳಿದರು. ಆಮೇಲೆ ಸ್ಟೆತಾಸ್ಕೋಪನ್ನು ಮಡಿಸಿ ಜೇಬಿಗೆ ಹಾಕಿದರು. ಅಷ್ಟೇ.

ಇವರು ನಮ್ಮ ಲಿನನ್ ರೂಮಿನ ಅಕ್ಕನ ಯಜಮಾನರು ಎಂದು ನಾನು ಹೇಳಿದೆ. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೇನೆ. ಡಾಕ್ಟರು ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. "ಶನಿವಾರ ಶನಿವಾರ ನೀವು ಇದನ್ನೇ ಕಲೀತೀರಂತಲ್ಲ? ನೀವೇ ಹೋಗಿ ಹೇಳಿ ಸಿಸ್ಟರ್," ಎಂದರು. ಟ್ಯೂಟರ್ ಸಿಸ್ಟರ್ ಪರೀಕ್ಷೆಯ ಕೆಲಸಕ್ಕೆ ಊರೊಳಗೆ ಹೋಗಿದ್ದರು, ಬರುವುದು ಮೂರು ಗಂಟೆಗೆ. ಕಾಯೋಣ ಎಂದೆ. ಅಂಗಳದಲ್ಲಿ ಬಸ್ಸು ನಿಂತಿದೆ, ಇನ್ನೈದು ನಿಮಿಷದಲ್ಲಿ ಯಾವನಾದರೂ ಕೂಗಿ ಹೇಳುತ್ತಾನೆ, ಅದಕ್ಕಿಂತ ನೀನು ಹೇಳುವುದು ಮೇಲು ಎಂದರು ಅಲ್ಲಿದ್ದ ಹಿರಿಯ ಸಿಸ್ಟರು. ಅದೂ ನಿಜವೇ ಆಗಿತ್ತು.

ಲಿನನ್ ರೂಮಿಗೆ ಬೀಗ. ಅಕ್ಕ ಆಗಲೇ ಡೆಮಾನ್‌ಸ್ಟ್ರೇಶನ್ ರೂಮಿಗೆ ಹೋಗಿದ್ದರು. ಹುಡುಗಿಯರು ಇನ್ನೂ ಊಟದಲ್ಲಿದ್ದರು. ಆ ಓಣಿಯಲ್ಲಿ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ... ಗೋಡೆ ಹಿಡಿದುಕೊಂಡು ಹೋದೆ ಅನ್ನಿಸುತ್ತದೆ. ಬಾಗಿಲಲ್ಲಿ ನಿಂತಾಗ ಅಕ್ಕ ಒಬ್ಬರೇ ಬೆಂಚಿನ ಮೇಲೆ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಕ್ಕರು.

"ಬಂದ್ಯಾ? ಇವತ್ತು ನಿಂದೇ ಮೊದಲು ಅಲ್ವಾ. ಎಲ್ಲಿ ಮಿಕ್ಕೋರು?"

ಅವರನ್ನು ಆ ಕೋಣೆಯಿಂದ ಹೊರಗೆ ಕರೆದುಕೊಂಡು ಹೋಗಬೇಕಿತ್ತು. ಅಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಹೆದರಿಕೆಯಲ್ಲಿ ತಲೆ ಖಾಲಿಯಾಗಿತ್ತು, ಕಲಿತದ್ದೊಂದೇ ಉಳಿದಿತ್ತು. ಮೂಲೆಯ ಬೇಸಿನ್ನಿನಲ್ಲಿ ಕೈ ತೊಳೆದೆ. ಚೊಂಬಿಗೆ ನೀರು ತುಂಬಿ ಅವರ ಕೈಗೆಟುಕುವ ಹಾಗೆ ಇಟ್ಟೆ. ಸ್ಟೂಲು ಎಳೆದುಕೊಂಡು, ಮಂಡಿಗೆ ಮಂಡಿ ಸರಿಯಾಗಿ ಕೂತೆ. ಮೂರು ಸಲವೂ ಬಾರದೆ ಇದ್ದದ್ದು ಅವತ್ತು ಒಂದು ತಪ್ಪಿಲ್ಲದೆ ಬಂತು.

"ಅಕ್ಕ, ಒಂದು ಕೆಟ್ಟ ಸುದ್ದಿ ಇದೆ. ನಿಮ್ಮ ಯಜಮಾನರು ತೀರ್ಕೊಂಡ್ರು."

ಬಾಯಿ ಮುಚ್ಚಿ ಎಣಿಸತೊಡಗಿದೆ. ಐದೋ ಆರೋ ಆಗಿರಬೇಕು. ಪಾಠಕ್ಕೆಂದು ಸಿದ್ಧವಾಗಿದ್ದ ಅವರ ಮುಖ ಬಿಗಿದುಕೊಂಡಿತು. ನಾನು ಎದುರು ನೋಡಿದ್ದು ದುಃಖ. ಬಂದದ್ದು ಸಿಟ್ಟು.

"ಗಂಡನ ಪಾಠ ಬೇಡ ಅಂತ ಹೇಳಿಲ್ವೇನೆ ನಾನು? ಯಾರೇ ಹೇಳ್ಕೊಟ್ಟಿದ್ದು ನಿಂಗೆ ಇದನ್ನ?" ತಾಳಿಯನ್ನು ಎಳೆದು ಕಣ್ಣಿಗೆ ಒತ್ತಿಕೊಂಡರು. "ಬಿಡ್ತು ಅನ್ನು. ಮೊದಲು ಬಿಡ್ತು ಅನ್ನು."

ನಾನು ಬಿಡ್ತು ಎಂದೆ.

ಯಾಕೆ ಅಂದೆ ಎಂದು ಈ ನಲವತ್ತು ವರ್ಷದಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೇನೋ. ಪ್ರತಿ ಶನಿವಾರ ಅನ್ನುತ್ತಿದ್ದೆವು, ಅಭ್ಯಾಸಕ್ಕೆ ಬಾಯಿಗೆ ಬಂತು ಎನ್ನಬಹುದು. ನಿಜ ಹೇಳುತ್ತೇನೆ. ಅಭ್ಯಾಸವಲ್ಲ, ಹೆದರಿಕೆ. ಅವರ ಸಿಟ್ಟಿಗಲ್ಲ, ಆ ಸಿಟ್ಟು ಇಳಿದ ಮೇಲೆ ಅದರ ಜಾಗಕ್ಕೆ ಬರುವುದಕ್ಕೆ ಹೆದರಿದೆ. ಒಂದು ಮಾತಿನಲ್ಲಿ ಅದನ್ನು ತಡೆಯಬಹುದು ಅನ್ನಿಸಿತು, ತಡೆದೆ. ಅಷ್ಟಕ್ಕೇ ಅವರ ಪಾಲಿಗೆ ಗಂಡ ಬದುಕಿಬಿಟ್ಟರು.

ಅಕ್ಕನ ಭುಜ ಇಳಿಯಿತು. ಚೊಂಬು ಎತ್ತಿ ಗಟಗಟನೆ ಅಷ್ಟೂ ನೀರು ಕುಡಿದರು. ಬಾಯಿ ಒರೆಸಿಕೊಂಡು, ಸಿಟ್ಟು ಮಾಡಿಕೊಂಡಿದ್ದಕ್ಕೆ ನಾಚಿಕೆಯಾದವರ ಹಾಗೆ ನನ್ನ ಮಂಡಿ ತಟ್ಟಿದರು.

"ಆದ್ರೂ ಚೆನ್ನಾಗಿ ಹೇಳ್ದೆ ಕಣೆ. ಇವತ್ತು ನಡುಗ್ಲೇ ಇಲ್ಲ ನೀನು."

ನಾಳೆ ಭಾನುವಾರ ರಾಹುಕಾಲದಲ್ಲಿ ಬನಶಂಕರಮ್ಮನ ಗುಡಿಗೆ ಹೋಗುವುದಿದೆ, ಇವರಿಗೂ ರಜ ಇದೆ, ನಿನ್ನ ಬಾಯಿಂದ ಇಂಥ ಮಾತು ಬಂದಿದ್ದಕ್ಕೆ ಇನ್ನೊಂದು ನಿಂಬೆಹಣ್ಣಿನ ದೀಪ ಜಾಸ್ತಿ ಹಚ್ಚುತ್ತೇನೆ ಎಂದರು. ನಾನು ಕೂತು ಕೇಳಿದೆ. ತಲೆಯಾಡಿಸಿದೆನೋ ಏನೋ. ನನ್ನ ಏಪ್ರನ್ನಿನಿಂದ ಅವರೇ ಹಾಕಿದ ಗಂಜಿಯ ವಾಸನೆ, ಅವರ ಸೆರಗಿನಿಂದಲೂ ಅದೇ ವಾಸನೆ.

ಆಗ ಅವರು ಎದ್ದರು. "ಬಾ, ಕಾಲು ತೊಳ್ಕೊಳಣ."

ನಲ್ಲಿ ಇದ್ದದ್ದು ಕಟ್ಟಡದ ಮೂಲೆಯಲ್ಲಿ. ಅಲ್ಲಿ ನಿಂತರೆ ಮುಂದಿನ ಅಂಗಳ ಕಾಣುತ್ತದೆ. ಅಂಗಳದಲ್ಲಿ ಬಸ್ಸು ನಿಂತಿದೆ. ಬಾಗಿಲು, ಜಗಲಿ, ಮೂರು ಮೆಟ್ಟಿಲು, ಆಮೇಲೆ ಹತ್ತು ಹೆಜ್ಜೆ. ಅಷ್ಟರೊಳಗೆ ನಾನು ಮತ್ತೆ ಹೇಳಬೇಕು. ಅವರು ಮುಂದೆ, ನಾನು ಹಿಂದೆ. ಜಗಲಿ ಮುಗಿಯಿತು. ನಾನು ಹೇಳಲಿಲ್ಲ. ಅವರು ಮೊದಲ ಮೆಟ್ಟಿಲು ಇಳಿದರು, ಎರಡನೆಯದೂ ಆಯಿತು. ನಾನು ಸೆರಗು ಹಿಡಿದು ಎಳೆದೆ.

"ಅಕ್ಕ, ಬಿಡ್ತು ಅಂದಿದ್ದು ಸುಳ್ಳು. ಇದು ಪಾಠ ಅಲ್ಲ."

ಸ್ಟೂಲಿಲ್ಲ, ನೀರಿಲ್ಲ, ಮಂಡಿಗೆ ಮಂಡಿಯಿಲ್ಲ. ಮೆಟ್ಟಿಲ ಮೇಲೆ ನಿಂತುಕೊಂಡು, ಹಿಂದಿನಿಂದ ಹೇಳಿದೆ. ಅವರು ತಿರುಗಿ ನನ್ನನ್ನು ನೋಡಿದರು. ಎಷ್ಟೋ ತಾಯಂದಿರಾಗಿ ನಮ್ಮನ್ನು ನೋಡಿದ ಕಣ್ಣು ಅದು, ಆದರೆ ಅವತ್ತು ಅದರಲ್ಲಿ ಯಾವ ಆಟವೂ ಇರಲಿಲ್ಲ. ಆಮೇಲೆ ಮೂಲೆಯಾಚೆ ಬಸ್ಸಿನ ಹಿಂಭಾಗ ಅವರಿಗೆ ಕಂಡಿತು.

"ಬಸ್ಸಲ್ಲಿ ಜನ ಇದ್ರಾ?" ಎಂದು ಕೇಳಿದರು.

ಇದ್ರು ಎಂದೆ. ಹೂಂ ಎಂದರು. ನಲ್ಲಿಗೆ ಹೋಗಿ ನಿಧಾನವಾಗಿ ಎರಡೂ ಕಾಲು ತೊಳೆದುಕೊಂಡರು. ಆಮೇಲೆ ಕ್ಯಾಜುವಾಲ್ಟಿಯ ಕಡೆ ನಡೆದರು. ಪಾಠದಲ್ಲಿ ಅತ್ತ ಒಂದು ಅಳುವನ್ನೂ ಅವರು ಅವತ್ತು ಅಳಲಿಲ್ಲ.

ಟ್ಯೂಟರ್ ಸಿಸ್ಟರ್ ಬಂದು ಎಲ್ಲ ಕೇಳಿಸಿಕೊಂಡರು. ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು, ಆ ಕೋಣೆಯಲ್ಲಿ ನಿಜ ಹೇಳಬಾರದು ಅನ್ನುವುದನ್ನು ನಾನು ಕಲಿಸಲೇ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಎರಡು ತಿಂಗಳು ಶನಿವಾರದ ಪಾಠ ನಿಂತಿತು. ನಾನು ಏಪ್ರನ್ ತರಲು ಗೆಳತಿಯನ್ನು ಕಳಿಸುತ್ತಿದ್ದೆ. ಸಂಜೆ ಆರಕ್ಕೆ, ಮೊದಲು ಗೇಟಿನ ಹತ್ತಿರ ಸೀಟಿ ಕೇಳುತ್ತಿದ್ದ ಆ ಹೊತ್ತಿಗೆ, ಕಿಟಕಿಯ ಹತ್ತಿರ ನಮ್ಮಲ್ಲಿ ಯಾರೂ ನಿಲ್ಲುತ್ತಿರಲಿಲ್ಲ.

ಮೂರನೆಯ ತಿಂಗಳು ಅಕ್ಕ ತಾವಾಗಿಯೇ ಬಂದು ಬೆಂಚಿನ ಮೇಲೆ ಕೂತರು. ಬರಿ ಹಣೆ. "ಈಗ ಯಾವ ಪಾಠ ಬೇಕಾದ್ರೂ ಮಾಡ್ಬೋದು," ಎಂದರು ಟ್ಯೂಟರ್ ಸಿಸ್ಟರಿಗೆ. ಆ ಮಾತು ಕೇಳಿ ಇಡೀ ಕ್ಲಾಸು ತಲೆ ತಗ್ಗಿಸಿತು. ನನ್ನ ಸರದಿ ಬಂದಾಗ ತಾಯಿಗೆ ಹೇಳುವ ಪಾಠವನ್ನೇ ಕೇಳಿಕೊಂಡೆ. ಹೇಳಿದೆ, ಇಪ್ಪತ್ತು ಎಣಿಸಿದೆ, ಅವರು ಅತ್ತರು. ಮುಗಿದ ಮೇಲೆ ನಾನು ಬಿಡ್ತು ಅನ್ನಲು ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಮಾಡಿ, ಬೇಡ, ಇನ್ಮೇಲೆ ಅದು ಬೇಡ ಎಂದರು. ಕಾಲು ತೊಳೆಯಲೂ ಹೋಗಲಿಲ್ಲ. ನನಗೆ ಆಗ ಹುಟ್ಟಿದ ಹೆದರಿಕೆ ಆ ಶನಿವಾರದ್ದಕ್ಕಿಂತ ದೊಡ್ಡದು. ಏನನ್ನೂ ವಾಪಸ್ ತೆಗೆದುಕೊಳ್ಳಲು ಆಗದ ಜಗತ್ತಿನಲ್ಲಿ ಈ ಹೆಂಗಸು ಬಟ್ಟೆ ಮಡಿಸಿಕೊಂಡು, ಊಟ ಮಾಡಿಕೊಂಡು ಇದ್ದಾರಲ್ಲ, ನಾಳೆ ನಾನೂ ಅಲ್ಲೇ ಇರಬೇಕಲ್ಲ ಎಂಬ ಹೆದರಿಕೆ.

ಕೋರ್ಸು ಮುಗಿದ ದಿನ ಹೇಳಿ ಹೋಗಲು ಲಿನನ್ ರೂಮಿಗೆ ಹೋದೆ. ಕ್ಷಮಿಸಿ ಅನ್ನಬೇಕೆಂದು ಹೊರಟವಳಿಗೆ ಅದು ಬಾಯಿಗೆ ಬರಲಿಲ್ಲ. ಅಕ್ಕ ಇಸ್ತ್ರಿಯಾದ ಏಪ್ರನ್ನನ್ನು ಮಡಿಸುತ್ತ, ನನ್ನನ್ನು ನೋಡದೆ ಹೇಳಿದರು.

"ಬಿಡ್ತು ಅಂದ್ಯಲ್ಲ, ಆಗ ನಾನು ಒಂದು ಚೊಂಬು ನೀರು ಕುಡಿದೆ. ಆ ಥರ ನೀರು ಆಮೇಲೆ ಒಂದ್ ದಿನಾನೂ ಕುಡಿದಿಲ್ಲ ಕಣೆ."

ಅದು ಬೈಗುಳವೋ, ಉಪಕಾರ ಸ್ಮರಣೆಯೋ... ಕೇಳುವ ಧೈರ್ಯ ನನಗಿರಲಿಲ್ಲ. ಮತ್ತೆ ಅವರನ್ನು ನೋಡಲಿಲ್ಲ. ಬೇರೆ ಬೇರೆ ಆಸ್ಪತ್ರೆಗಳಲ್ಲಿ ನೂರಾರು ಜನರ ಎದುರು ಸ್ಟೂಲು ಎಳೆದುಕೊಂಡು ಕೂತೆ. ಪ್ರತಿ ಸಲವೂ ಹೆದರಿದೆ, ಪ್ರತಿ ಸಲವೂ ಹೇಳಿದೆ. ಒಂದು ಸಲವೂ ವಾಪಸ್ ತೆಗೆದುಕೊಳ್ಳಲಿಲ್ಲ. ಒಂದು ದಿನ ಹೋಗಿ ಆ ಮಾತಿನ ಅರ್ಥ ಕೇಳಬೇಕು, ಆ ದಿನದ ತಪ್ಪು ಒಪ್ಪಿಕೊಳ್ಳಬೇಕು ಎಂದುಕೊಳ್ಳುತ್ತಲೇ ಇದ್ದೆ.

ಲಾಂಡ್ರಿಯಲ್ಲಿ ಗೆಳತಿ ಪರ್ಸಿನಲ್ಲಿ ರಸೀದಿ ಹುಡುಕುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ನಿಂಗೆ ಗೊತ್ತಿಲ್ವಾ? ಅವ್ರು ಹೋಗಿ ನಾಲ್ಕು ವರ್ಷ ಆಯ್ತಲ್ಲೇ."

"ಬಿಡ್ತು ಅನ್ನೇ," ಎಂದುಬಿಟ್ಟೆ.

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಅವಳೂ ಅದೇ ಕೋಣೆಯಲ್ಲಿ ಕಲಿತವಳು. ಪರ್ಸು ಮುಚ್ಚಿ, ಅಂಗಡಿಯ ಎರಡು ಪ್ಲಾಸ್ಟಿಕ್ ಸ್ಟೂಲುಗಳನ್ನು ಎಳೆದು, ನನ್ನನ್ನು ಒಂದರ ಮೇಲೆ ಕೂರಿಸಿ, ಎದುರಿಗೆ ತಾನು ಕೂತಳು. ಇಬ್ಬರದೂ ನೋಯುವ ಮಂಡಿಗಳು, ಒಂದೇ ಎತ್ತರಕ್ಕೆ ಬಂದವು.

"ಒಂದು ಕೆಟ್ಟ ಸುದ್ದಿ ಇದೆ ಕಣೆ," ಎಂದಳು. "ನಮ್ಮ ಲಿನನ್ ರೂಮಿನ ಅಕ್ಕ ತೀರ್ಕೊಂಡ್ರು."

ಆಮೇಲೆ ಬಾಯಿ ಮುಚ್ಚಿದಳು. ಮನಸ್ಸಲ್ಲಿ ಎಣಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಒಳಗೆ ಯಾರದೋ ಪಂಚೆಯ ಮೇಲೆ ಇಸ್ತ್ರಿಪೆಟ್ಟಿಗೆ ಓಡಾಡುತ್ತಿತ್ತು. ನಾನೂ ಎಣಿಸಿದೆ. ಇಪ್ಪತ್ತು ಆಯಿತು. ಇಬ್ಬರೂ ಏಳಲಿಲ್ಲ.